ಒಂದು ಹನಿಯಿಂದ ಮೇಲ್ಮೈ ಎಳೆತ ಮತ್ತು ಸ್ಪರ್ಶಕೋನವನ್ನು ಅಳೆಯುವ ಕ್ರಮ

ಗಾಜು, ಪ್ಲಾಸ್ಟಿಕ್, ಬಣ್ಣ ಬಳಿದ ತಗಡು ಅಥವಾ ಎಲೆಯ ಮೇಲ್ಮೈ ನೀರಿಗೆ ಎಷ್ಟರ ಮಟ್ಟಿಗೆ ತೊಯ್ಯುತ್ತದೆ ಎಂಬುದನ್ನು ಪುಟ್ಟದೊಂದು ಹನಿಯ ಪಕ್ಕನೋಟದಿಂದಲೇ ಅಳೆಯಬಹುದು. ಹನಿಯ ಅಂಚು ಘನವಸ್ತುವನ್ನು ಮುಟ್ಟುವ ಬಿಂದುವಿನಲ್ಲಿ ಹನಿಯ ಹೊರಮೈಗೆ ಒಂದು ಸ್ಪರ್ಶರೇಖೆಯನ್ನು ಎಳೆದರೆ, ಆ ರೇಖೆಗೂ ಕೆಳಗಿನ ಮೇಲ್ಮೈಗೂ ನಡುವೆ ದ್ರವದ ಒಳಭಾಗದಲ್ಲಿ ಉಂಟಾಗುವ ಕೋನವೇ ಸ್ಪರ್ಶಕೋನ. ಅದು 90 ಡಿಗ್ರಿಗಿಂತ ಕಡಿಮೆಯಿದ್ದರೆ ಮೇಲ್ಮೈ ನೀರನ್ನು ಒಪ್ಪುತ್ತದೆ, ಹೆಚ್ಚಿದ್ದರೆ ದೂರವಿಡುತ್ತದೆ. 1805ರಲ್ಲಿ ಥಾಮಸ್ ಯಂಗ್ ಈ ಕೋನದ ಹಿಂದಿನ ಸಮತೋಲವನ್ನು ಸಮೀಕರಣ ಬರೆಯದೆ ಮಾತಿನಲ್ಲೇ ವಿವರಿಸಿದರು: ಘನ ಮತ್ತು ಗಾಳಿಯ ನಡುವಿನ ಎಳೆತವು, ಘನ ಮತ್ತು ದ್ರವದ ನಡುವಿನ ಎಳೆತಕ್ಕೆ, ದ್ರವದ ಮೇಲ್ಮೈ ಎಳೆತ (ಮೇಲ್ಮೈಯನ್ನು ಕುಗ್ಗಿಸಲು ಎಳೆಯುವ ಬಲ) ಮತ್ತು ಕೋನದ ಕೊಸೈನ್‌ಗಳ ಗುಣಲಬ್ಧವನ್ನು ಕೂಡಿಸಿದಷ್ಟಿರುತ್ತದೆ. ಇದರಲ್ಲಿ ನೇರವಾಗಿ ಅಳೆಯಲು ಸಿಗುವುದು ದ್ರವದ ಎಳೆತ ಮತ್ತು ಕೋನ, ಇವೆರಡೇ. ಆದ್ದರಿಂದ ಕೋನಕ್ಕೆ ಕೈಹಾಕುವ ಮೊದಲು ದ್ರವವನ್ನು ಪರೀಕ್ಷಿಸಬೇಕು.

ಶುದ್ಧ ನೀರಿನ ಮೇಲ್ಮೈ ಎಳೆತ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೀಟರಿಗೆ 72.8 ಮಿಲಿನ್ಯೂಟನ್, 25 ಡಿಗ್ರಿಯಲ್ಲಿ 72.0. ಪಾತ್ರೆಯಲ್ಲಿ ಉಳಿದ ಸೋಪಿನ ಲವಲೇಶವೂ ಇದನ್ನು ಗಮನಾರ್ಹವಾಗಿ ಇಳಿಸಬಲ್ಲದು. ಪರೀಕ್ಷೆಗೆ ತುದಿ ಚಪ್ಪಟೆಯಾಗಿರುವ ಲೋಹದ ಸೂಜಿಯನ್ನು ಸಿರಿಂಜಿಗೆ ಹಾಕಿ, ನೆಟ್ಟಗೆ ಕೆಳಮುಖವಾಗಿ ನಿಲ್ಲಿಸಿ. ಓರೆಯಾಗಿ ಕತ್ತರಿಸಿದ ಇಂಜೆಕ್ಷನ್ ಸೂಜಿ ಹಾಗೆಯೇ ಉಪಯೋಗಕ್ಕೆ ಬಾರದು, ಅದರ ತುದಿಯನ್ನು ಉಜ್ಜಿ ಸಮತಟ್ಟು ಮಾಡಿಕೊಳ್ಳಬೇಕು. ಮೊದಲೇ ತೂಗಿಟ್ಟ ಮುಚ್ಚಳದ ಸೀಸೆಯೊಳಕ್ಕೆ ಐವತ್ತು ಹನಿಗಳನ್ನು ಬೀಳಿಸಿ ಮತ್ತೆ ತೂಗಿ. ಪ್ರತಿ ಹನಿಯೂ ತನ್ನ ಭಾರಕ್ಕೆ ತಾನೇ ಕಳಚಿಕೊಳ್ಳುವಷ್ಟು ನಿಧಾನವಾಗಿ ಒತ್ತಬೇಕು. ಅವಸರದಲ್ಲಿ ಒತ್ತಿದರೆ ಹನಿಯ ತೂಕ ವ್ಯತ್ಯಾಸವಾಗುತ್ತದೆ.

1864ರಲ್ಲಿ ಟೇಟ್ ಮುಂದಿಟ್ಟ ನಿಯಮವನ್ನು ಇಂದು ನಾವು ಬರೆಯುವ ರೂಪದಲ್ಲಿ, ಬೀಳುವ ಹನಿಯ ತೂಕವು ಸೂಜಿಯ ತುದಿಯ ಸುತ್ತಳತೆ ಮತ್ತು ಮೇಲ್ಮೈ ಎಳೆತದ ಗುಣಲಬ್ಧಕ್ಕೆ ಸಮ. ವಾಸ್ತವದಲ್ಲಿ ಹನಿಯ ಒಂದು ಪಾಲು ಸೂಜಿಯಲ್ಲೇ ಉಳಿದುಬಿಡುವುದರಿಂದ ಹಾರ್ಕಿನ್ಸ್ ಮತ್ತು ಬ್ರೌನ್ 1919ರಲ್ಲಿ ಕೊಟ್ಟ ತಿದ್ದುಪಡಿ ಅಂಶ ಬೇಕಾಗುತ್ತದೆ. ಉದಾಹರಣೆಗೆ, ಹೊರತ್ರಿಜ್ಯ 1 ಮಿಲಿಮೀಟರ್ ಇರುವ ಸೂಜಿಯಿಂದ ಟೇಟ್ ನಿಯಮದಂತೆ ಸುಮಾರು 47 ಮಿಲಿಗ್ರಾಂ ನೀರಿನ ಹನಿ ಬೀಳಬೇಕು. ನಿಜವಾಗಿ ಬೀಳುವುದು ಸುಮಾರು 33 ಮಿಲಿಗ್ರಾಂ. ಈ ಲೆಕ್ಕದಂತೆ ಐವತ್ತು ಹನಿ ಸುಮಾರು 1.65 ಗ್ರಾಂ ಬರುವುದರಿಂದ 0.01 ಗ್ರಾಂ ತೋರಿಸುವ ತಕ್ಕಡಿ ಸಾಕು. ಬೇರೆ ದ್ರವದ ಎಳೆತ ಬೇಕಿದ್ದರೆ ಅದೇ ಸೂಜಿಯಿಂದ ಎರಡನ್ನೂ ಬೀಳಿಸಿ, ಹನಿಗಳ ತೂಕದ ಅನುಪಾತದಿಂದ ನೀರಿನ ಎಳೆತವನ್ನು ಗುಣಿಸಬಹುದು. ಎರಡರ ಹನಿಗಳ ಗಾತ್ರ ತೀರ ಬೇರೆಯಾಗಿದ್ದರೆ ತಿದ್ದುಪಡಿ ಅಂಶವೂ ಬೇರೆಯಾಗುವ ಕಾರಣ, ಈ ಸುಲಭ ದಾರಿಯಲ್ಲಿ ಶೇಕಡಾ ಕೆಲವು ಅಂಶಗಳಷ್ಟು ತಪ್ಪು ಉಳಿಯುತ್ತದೆ.

ಇನ್ನು ಮೇಲ್ಮೈಯ ತಯಾರಿ. ಇಡೀ ಪ್ರಯೋಗದ ಅತ್ಯಂತ ಮುಖ್ಯ ಭಾಗ ಇದೇ ಎಂದು ನಾನು ದೃಢವಾಗಿ ನಂಬಿದ್ದೇನೆ, ಏಕೆಂದರೆ ಹನಿಗೆ ಗೊತ್ತಾಗುವುದು ವಸ್ತುವಿನ ಮೇಲ್ತುದಿಯ ಒಂದೆರಡು ಅಣುಪದರಗಳು ಮಾತ್ರ. ಅಲ್ಲಿ ಬೆರಳಿನ ಜಿಡ್ಡು ಕುಳಿತಿದ್ದರೆ ನೀವು ಅಳೆಯುವುದು ಜಿಡ್ಡನ್ನೇ ಹೊರತು ಗಾಜನ್ನಲ್ಲ. ಗಾಜಿನ ಸ್ಲೈಡನ್ನು ಡಿಟರ್ಜೆಂಟಿನಿಂದ ತಿಕ್ಕಿ, ಧಾರಾಳ ನೀರಿನಲ್ಲಿ ಜಾಲಿಸಿ, ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿ, ಕೊನೆಗೆ ಡಿಸ್ಟಿಲ್ಡ್ ವಾಟರ್‌ನಲ್ಲಿ ತೊಳೆದು, ಧೂಳಿಲ್ಲದ ಕಡೆ ಒಣಗಿಸಿ. ಚೆನ್ನಾಗಿ ಶುಚಿಯಾದ ಗಾಜಿನ ಮೇಲೆ ನೀರು ಬಹುತೇಕ ಹರಡಿಬಿಡುತ್ತದೆ, ಕೋನ 10 ಡಿಗ್ರಿಗಿಂತ ಕೆಳಗಿರುತ್ತದೆ. ಅದೇ ಸ್ಲೈಡನ್ನು ಕೋಣೆಯಲ್ಲಿ ತೆರೆದಿಟ್ಟರೆ ಗಾಳಿಯಲ್ಲಿರುವ ಸಾವಯವ ಆವಿಗಳು ಅದರ ಮೇಲೆ ಕೂರುವುದರಿಂದ ಕೋನ ಏರುತ್ತಾ ಹೋಗುತ್ತದೆ. ಹಾಗಾಗಿ ತೊಳೆದ ಮೇಲೆ ಎಷ್ಟು ಹೊತ್ತಿಗೆ ಅಳೆದಿರಿ ಎಂಬುದನ್ನೂ ಬರೆದಿಡಬೇಕು. ಅಕ್ರಿಲಿಕ್ ಮತ್ತು ಪಾಲಿಸ್ಟೈರೀನ್‌ಗಳನ್ನು ಅಸಿಟೋನ್ ಕರಗಿಸುತ್ತದೆ, ಅವುಗಳಿಗೆ ತೆಳು ಸೋಪಿನ ನೀರು ಮತ್ತು ಚೆನ್ನಾಗಿ ಜಾಲಿಸುವುದೇ ಸರಿ.

ಉಪಕರಣ ಸರಳ. ರಸಮಟ್ಟದಿಂದ ಸಮತಲ ಮಾಡಿದ ಹಲಗೆಯ ಮೇಲೆ ಮಾದರಿಯನ್ನಿಟ್ಟು, ಹಿಂದೆ ಬೆಣ್ಣೆಕಾಗದ ಹೊದಿಸಿದ ದೀಪವನ್ನೂ ಮುಂದೆ ಮ್ಯಾಕ್ರೋ ಲೆನ್ಸ್ ಹಾಕಿದ ಮೊಬೈಲನ್ನೂ ಅಲುಗದಂತೆ ನಿಲ್ಲಿಸಿ. ಕ್ಯಾಮೆರಾ ಮೇಲ್ಮೈಯ ಮಟ್ಟದಲ್ಲೇ ಇರಲಿ, ಆದರೆ ಒಂದೆರಡು ಡಿಗ್ರಿಯಷ್ಟು ಕೆಳಮುಖವಾಗಿ ಬಾಗಿರಲಿ. ಆಗ ನಯವಾದ ಮೇಲ್ಮೈಯಲ್ಲಿ ಹನಿಯ ಪ್ರತಿಬಿಂಬವೂ ಕಾಣುತ್ತದೆ, ಹನಿ ಮತ್ತು ಪ್ರತಿಬಿಂಬ ಕೂಡುವ ಮೂಲೆಗಳೇ ತಳರೇಖೆಯ ಎರಡು ತುದಿಗಳು. ಅಳತೆಯಲ್ಲಿ ನುಸುಳುವ ತಪ್ಪುಗಳಲ್ಲಿ ಹೆಚ್ಚಿನವು ಈ ತಳರೇಖೆಯನ್ನು ಅಂದಾಜಿನಲ್ಲಿ ಎಳೆಯುವುದರಿಂದಲೇ ಬರುತ್ತವೆ.

ಹನಿಯ ಗಾತ್ರ 2ರಿಂದ 5 ಮೈಕ್ರೋಲೀಟರ್ ಇರಲಿ. ದೊಡ್ಡ ಹನಿ ತನ್ನ ಭಾರಕ್ಕೆ ಚಪ್ಪಟೆಯಾಗುತ್ತದೆ. ಗುರುತ್ವದ ಪ್ರಭಾವ ನೀರಿನಲ್ಲಿ 2.7 ಮಿಲಿಮೀಟರಿನ ಆಸುಪಾಸಿನ ಅಳತೆಯಿಂದ ಮೇಲುಗೈ ಪಡೆಯುತ್ತದೆ. ಇನ್ಸುಲಿನ್ ಸಿರಿಂಜು ಈ ಕೆಲಸಕ್ಕೆ ಸಾಲದು, ಏಕೆಂದರೆ ಯು-40 (ಮಿಲಿಲೀಟರಿಗೆ 40 ಯೂನಿಟ್) ಸಿರಿಂಜಿನ ಒಂದು ಯೂನಿಟ್ ಎಂದರೆ 25 ಮೈಕ್ರೋಲೀಟರ್. ಕಾಲೇಜಿನ ಜೀವಶಾಸ್ತ್ರ ವಿಭಾಗದ ಮೈಕ್ರೋಪಿಪೆಟ್ ಸಿಕ್ಕರೆ ಅದೇ ಉತ್ತಮ. ಹನಿಯನ್ನು ಮೇಲಿನಿಂದ ಬೀಳಿಸಬಾರದು. ತುದಿಯಲ್ಲಿ ತೂಗುವ ಹನಿಯನ್ನು ಮೇಲ್ಮೈಗೆ ಮೆಲ್ಲಗೆ ತಾಗಿಸಿ, ತುದಿಯನ್ನು ನೆಟ್ಟಗೆ ಮೇಲಕ್ಕೆ ತೆಗೆಯಬೇಕು. ಹನಿ ಆರುತ್ತಾ ಹೋದಂತೆ ಕೋನ ಇಳಿಯುವುದರಿಂದ ಫ್ಯಾನ್ ಆರಿಸಿ, ಕೆಲವೇ ಸೆಕೆಂಡುಗಳಲ್ಲಿ ಚಿತ್ರ ತೆಗೆಯಿರಿ.

ಚಿಕ್ಕ ಹನಿಯನ್ನು ಗೋಲದ ಒಂದು ತುಂಡು ಎಂದು ಭಾವಿಸಿದರೆ ಕೋನಮಾಪಕವೂ ಬೇಡ. ಹನಿಯ ಎತ್ತರದ ಎರಡರಷ್ಟನ್ನು ತಳದ ಅಗಲದಿಂದ ಭಾಗಿಸಿದರೆ ಬರುವುದು ಅರ್ಧ ಕೋನದ ಟ್ಯಾಂಜೆಂಟ್. ಎತ್ತರ 0.9 ಮಿಲಿಮೀಟರ್, ಅಗಲ 2.6 ಮಿಲಿಮೀಟರ್ ಇದ್ದರೆ ಭಾಗಲಬ್ಧ 0.692, ಅರ್ಧ ಕೋನ 34.7 ಡಿಗ್ರಿ, ಸ್ಪರ್ಶಕೋನ ಸುಮಾರು 69 ಡಿಗ್ರಿ. ಇದು ಅಕ್ರಿಲಿಕ್ ಹಾಳೆಯ ಮೇಲೆ ಸಾಮಾನ್ಯವಾಗಿ ಸಿಗುವ ಕೋನಕ್ಕೆ ಹತ್ತಿರದ್ದು. ಬೇಕಿರುವುದು ಅನುಪಾತ ಮಾತ್ರವಾದ್ದರಿಂದ ಚಿತ್ರದ ಪಿಕ್ಸೆಲ್‌ಗಳಲ್ಲೇ ಅಳೆದರೂ ನಡೆಯುತ್ತದೆ. ಉಚಿತವಾಗಿ ಸಿಗುವ ಇಮೇಜ್‌ಜೆ ತಂತ್ರಾಂಶಕ್ಕೆ ಹನಿಯ ಅಂಚನ್ನು ಗುರುತಿಸಿ ಎಡ ಬಲ ಕೋನಗಳನ್ನು ಬೇರೆಬೇರೆಯಾಗಿ ಕೊಡುವ ಪ್ಲಗಿನ್‌ಗಳಿವೆ. ಎರಡು ಬದಿಗಳ ಕೋನಗಳಲ್ಲಿ ದೊಡ್ಡ ಅಂತರ ಕಂಡರೆ ಹಲಗೆ ಓರೆಯಾಗಿದೆ ಅಥವಾ ಮೇಲ್ಮೈ ಏಕರೂಪವಾಗಿಲ್ಲ ಎಂದರ್ಥ. ನಿಮ್ಮ ಏರ್ಪಾಡು ಸರಿಯಿದೆಯೇ ಎಂದು ನೋಡಲು ನಯವಾದ ಟೆಫ್ಲಾನ್ ಹಾಳೆಯ ಮೇಲೆ ಅಳೆಯಿರಿ. 110 ಡಿಗ್ರಿಯ ಆಸುಪಾಸು ಬರಬೇಕು.

ಒಂದೇ ಕೋನ ಹೇಳಿ ನಿಲ್ಲಿಸುವುದು ಅರೆಬರೆ ಅಳತೆ. ಸೂಜಿಯನ್ನು ಹನಿಯೊಳಗೇ ಬಿಟ್ಟು ನಿಧಾನವಾಗಿ ನೀರು ಸೇರಿಸಿದರೆ, ಮೊದಲು ಅಂಚು ಕದಲದೆ ಕೋನ ಏರುತ್ತದೆ, ಆಮೇಲೆ ಅಂಚು ಹೊರಕ್ಕೆ ಜರುಗುತ್ತದೆ. ಜರುಗುವಾಗಿನದು ಮುನ್ನಡೆಯ ಕೋನ. ನೀರನ್ನು ಹಿಂದಕ್ಕೆ ಎಳೆದುಕೊಳ್ಳುವಾಗ ಅಂಚು ಒಳಕ್ಕೆ ಸರಿಯತೊಡಗುವ ಹೊತ್ತಿನದು ಹಿನ್ನಡೆಯ ಕೋನ. ಇವೆರಡರ ಅಂತರವೇ ಹನಿ ಉರುಳುತ್ತದೆಯೋ ಅಂಟಿಕೊಳ್ಳುತ್ತದೆಯೋ ಎಂಬುದನ್ನು ತಿಳಿಸುತ್ತದೆ. ಕೆಸುವಿನ ಎಲೆಯ ಮೇಲೆ ಕೋನ 150 ಡಿಗ್ರಿ ದಾಟುತ್ತದೆ, ಅಂತರ ಅತಿ ಕಡಿಮೆ, ಎಲೆಯನ್ನು ತುಸು ಬಾಗಿಸಿದರೂ ಹನಿ ಓಡುತ್ತದೆ. ಕೆಲವು ಗುಲಾಬಿ ದಳಗಳ ಮೇಲೆ ಕೋನ ಹೆಚ್ಚೂಕಡಿಮೆ ಅಷ್ಟೇ ಇದ್ದರೂ ದಳವನ್ನು ತಲೆಕೆಳಗು ಮಾಡಿದರೂ ಹನಿ ಬೀಳುವುದಿಲ್ಲ. ಮೇಲ್ಮೈಯ ಒರಟುತನದೊಳಕ್ಕೆ ನೀರು ಇಳಿದ ಸ್ಥಿತಿಯನ್ನು ವೆನ್ಜೆಲ್ 1936ರಲ್ಲಿ, ಸಂದುಗಳಲ್ಲಿ ಗಾಳಿ ಉಳಿದು ನೀರು ಅದರ ಮೇಲೆ ಕೂತ ಸ್ಥಿತಿಯನ್ನು ಕ್ಯಾಸಿ ಮತ್ತು ಬ್ಯಾಕ್ಸ್ಟರ್ 1944ರಲ್ಲಿ ವಿವರಿಸಿದರು. ಇಂಥ ಎಲೆಗಳ ಮೇಲೆ 3 ಮೈಕ್ರೋಲೀಟರ್ ಹನಿ ಸೂಜಿಯನ್ನು ಬಿಟ್ಟು ಬರುವುದೇ ಇಲ್ಲ, 8ರಿಂದ 10 ಬೇಕಾಗುತ್ತದೆ. ಆಗ ಗೋಲದ ಸೂತ್ರವನ್ನು ಕೈಬಿಟ್ಟು, ಗುರುತ್ವವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಪ್ಲಗಿನ್ ಬಳಸಿ.

ಘನವಸ್ತುವಿನ ಮೇಲ್ಮೈ ಶಕ್ತಿಯನ್ನೇ, ಅಂದರೆ ಘನ ಮತ್ತು ಗಾಳಿಯ ನಡುವಿನ ಎಳೆತವನ್ನೇ, ಅಂದಾಜು ಮಾಡಬೇಕಿದ್ದರೆ ನೀರಿನ ಜೊತೆಗೆ ಧ್ರುವೀಯತೆ (ಅಣುವಿನ ಒಂದು ಬದಿ ಧನ, ಇನ್ನೊಂದು ಬದಿ ಋಣ ವಿದ್ಯುದಂಶದ್ದಾಗಿರುವ ಗುಣ) ಹೆಚ್ಚುಕಡಿಮೆ ಇಲ್ಲದ ಇನ್ನೊಂದು ದ್ರವ ಬೇಕು. ಓವೆನ್ಸ್ ಮತ್ತು ವೆಂಟ್ 1969ರಲ್ಲಿ ಕೊಟ್ಟ ವಿಧಾನದಲ್ಲಿ ನೀರಿನ 72.8ನ್ನು ಚದುರುವಿಕೆಯ (ಎಲ್ಲ ಅಣುಗಳ ನಡುವೆಯೂ ಇರುವ ದುರ್ಬಲ ಸೆಳೆತದ) ಪಾಲು 21.8, ಧ್ರುವೀಯ ಪಾಲು 51.0 ಎಂದು ಒಡೆಯುತ್ತಾರೆ, ಡೈಅಯೋಡೋಮೀಥೇನ್‌ನ 50.8 ಪೂರ್ತಿ ಚದುರುವಿಕೆಯದೇ. ಈ ದ್ರವ ವಿಷಕಾರಿ, ಬೆಳಕಿಗೆ ಕೆಡುವಂಥದ್ದು, ಆದ್ದರಿಂದ ಕೈಗವಸು ಮತ್ತು ಗಾಳಿ ಹೊರಹಾಕುವ ಕಪಾಟು ಇರುವ ಪ್ರಯೋಗಾಲಯದಲ್ಲಿ ಮಾತ್ರ ಬಳಸಬೇಕು. ಫಲಿತಾಂಶ ಬರೆಯುವಾಗ ಮುನ್ನಡೆಯ ಮತ್ತು ಹಿನ್ನಡೆಯ ಕೋನ, ಹನಿಯ ಗಾತ್ರ, ಉಷ್ಣತೆ, ತೊಳೆದ ಕ್ರಮ, ಅಳೆದ ಹನಿಗಳ ಸಂಖ್ಯೆ ಮತ್ತು ಅವುಗಳ ನಡುವಿನ ಏರಿಳಿತ, ಇಷ್ಟೂ ಇರಲಿ.