ಹಿಂದೆ ಒಬ್ಬರು ಕೂತರೆ ಬೈಕ್ ಬೇರೆಯೇ ಗಾಡಿ

ನೂರು ಸಿಸಿಯ ಮಾಮೂಲಿ ಬೈಕಿನ ತೂಕ ಸುಮಾರು 112 ಕೆ.ಜಿ. 70 ಕೆ.ಜಿ.ಯ ಸವಾರ ಕೂತರೆ 182. ಹಿಂದೆ 65 ಕೆ.ಜಿ.ಯವರೊಬ್ಬರು ಹತ್ತಿದರೆ 247. ಎಂಜಿನ್ನು, ಬ್ರೇಕು, ಟೈರು ಎಲ್ಲ ಅವೇ; ಭಾರ ಮಾತ್ರ ಮೂರನೇ ಒಂದು ಪಾಲಿಗಿಂತ ಹೆಚ್ಚು ಏರಿತು. ಆ ಭಾರ ಬಹುಪಾಲು ಹಿಂದಿನ ಚಕ್ರದ ಮೇಲೆ ಬೀಳುತ್ತದೆ, ಜತೆಗೆ ಅದು ಅಲುಗಾಡುತ್ತದೆ, ಪಕ್ಕದ ಅಂಗಡಿ ಕಂಡರೆ ತಿರುಗಿಯೂ ನೋಡುತ್ತದೆ. ಹಾಗಾಗಿ ತಯಾರಿ ಮನೆ ಬಾಗಿಲಲ್ಲೇ ಶುರುವಾಗಬೇಕು.

ಮೊದಲು ಗಾಳಿ

ಪಂಕ್ಚರ್ ಅಂಗಡಿಯಲ್ಲಿ 'ಗಾಳಿ ಹೊಡಿ' ಎಂದಷ್ಟೇ ಹೇಳಿದರೆ ಹುಡುಗ ತನಗೆ ತಿಳಿದಷ್ಟು ಹೊಡೆದು ಕಳಿಸುತ್ತಾನೆ. ಅಂಕಿ ನೀವೇ ಹೇಳಿ. ಸ್ಪ್ಲೆಂಡರ್ ಪ್ಲಸ್‌ಗೆ ಒಬ್ಬರೇ ಹೋಗುವಾಗ ಹಿಂದಿನ ಟೈರಿಗೆ 28 ಪಿಎಸ್ಐ (ಗಾಳಿಯ ಒತ್ತಡದ ಅಳತೆ) ಸಾಕು, ಇಬ್ಬರಾದರೆ 41 ಬೇಕು. ಆಕ್ಟಿವಾಗೆ 29 ಮತ್ತು 36. ಮುಂದಿನ ಚಕ್ರದ ಲೆಕ್ಕ ಎರಡರಲ್ಲೂ ಬದಲಾಗುವುದಿಲ್ಲ. ನಿಮ್ಮ ಗಾಡಿಯ ಅಂಕಿ ಬೇರೆ ಇರಬಹುದು. ಚೈನ್ ಕವರ್ ಅಥವಾ ಸ್ವಿಂಗ್ ಆರ್ಮ್ (ಹಿಂದಿನ ಚಕ್ರವನ್ನು ಹಿಡಿದಿರುವ ತೋಳು) ಮೇಲಿನ ಸ್ಟಿಕ್ಕರ್ ನೋಡಿ, ಅದು ಹರಿದಿದ್ದರೆ ಗಾಡಿ ಜತೆ ಕೊಟ್ಟ ಪುಸ್ತಕ ತೆರೆಯಿರಿ. ಟೈರು ತಣ್ಣಗಿರುವಾಗ ಹಿಡಿದ ಅಳತೆಯೇ ಸರಿಯಾದದ್ದು.

ಗಾಳಿ ಕಡಿಮೆಯಿದ್ದರೆ ಟೈರಿನ ಗೋಡೆ ಮಡಚಿ ಬಿಚ್ಚುತ್ತ ಬಿಸಿಯಾಗುತ್ತದೆ, ತಿರುವಿನಲ್ಲಿ ಗಾಡಿಯ ಹಿಂಭಾಗ ಮೀನಿನ ಬಾಲದಂತೆ ಆಡುತ್ತದೆ. ಟ್ಯೂಬ್ ಇರುವ ಟೈರಾದರೆ ಗುಂಡಿಗೆ ಬಿದ್ದ ಏಟಿಗೆ ರಿಮ್ಮು ಟ್ಯೂಬನ್ನು ಕಚ್ಚಿ ಅಕ್ಕಪಕ್ಕ ಎರಡು ತೂತು ಮಾಡುತ್ತದೆ. ಮೊಳೆ ಸಿಗದೆಯೂ ಪಂಕ್ಚರ್ ಆಗಿದ್ದರೆ ಕಾರಣ ಬಹುತೇಕ ಇದೇ.

ಆಮೇಲೆ ಹಿಂದಿನ ಶಾಕ್ ಅಬ್ಸಾರ್ಬರ್. ಎರಡು ಶಾಕ್ ಇರುವ ಬಹಳಷ್ಟು ಬೈಕುಗಳಲ್ಲಿ ಸ್ಪ್ರಿಂಗ್ ಬುಡದಲ್ಲಿ ಮೆಟ್ಟಿಲು ಮೆಟ್ಟಿಲಾದ ಬಳೆಯೊಂದಿರುತ್ತದೆ, ಸಾಮಾನ್ಯವಾಗಿ ಐದು ಮೆಟ್ಟಿಲು. ಕೊಕ್ಕೆಯಂಥ ಸ್ಪ್ಯಾನರ್‌ನಿಂದ ತಿರುಗಿಸಿ, ಹಿಂದೆ ದೊಡ್ಡವರು ಕೂರುವುದಾದರೆ ಮೂರು ಅಥವಾ ನಾಲ್ಕಕ್ಕೆ ಏರಿಸಿ. ಎಡಕ್ಕೆಷ್ಟೋ ಬಲಕ್ಕೂ ಅಷ್ಟೇ ಇರಬೇಕು. ಹೀಗೆ ಮಾಡದಿದ್ದರೆ ಬಾಲ ಕುಸಿದು ಹೆಡ್‌ಲೈಟ್ ಮೇಲೇಳುತ್ತದೆ. ರಾತ್ರಿ ಎದುರಿನವರ ಕಣ್ಣು ಕುಕ್ಕುತ್ತದೆ, ನಿಮಗೆ ಮುಂದಿನ ಗುಂಡಿ ಕಾಣುವುದಿಲ್ಲ. ಚೈನನ್ನೂ ಬೆರಳಲ್ಲಿ ಎತ್ತಿ ನೋಡಿ, ಸುಮಾರು ಒಂದು ಇಂಚು ಆಡಬೇಕು. ಮೊದಲೇ ಬಿಗಿಯಿದ್ದ ಚೈನು ಭಾರ ಬಿದ್ದಾಗ ಇನ್ನೂ ಬಿಗಿಯಾಗುತ್ತದೆ.

ಸೆರಗು, ದುಪ್ಪಟ, ಹೆಲ್ಮೆಟ್

ಹಿಂದಿನ ಚಕ್ರದ ಎಡಕ್ಕಿರುವ ಸ್ಯಾರಿ ಗಾರ್ಡನ್ನು 'ಲುಕ್ ಹಾಳು' ಎಂದು ಬಿಚ್ಚಿಸುವ ಚಾಳಿಯೊಂದಿದೆ. ಹಿಂಬದಿ ಸವಾರರ ಬಟ್ಟೆ ಸಿಗದಂತೆ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಭಾಗ ಮುಚ್ಚಿರಬೇಕು, ಹಿಡಿದುಕೊಳ್ಳಲು ಹಿಡಿಕೆ, ಕಾಲಿಡಲು ಫುಟ್‌ರೆಸ್ಟ್ ಇರಬೇಕು ಎಂದು ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹೇಳುತ್ತದೆ. ಕಾನೂನು ಬದಿಗಿರಲಿ, ದುಪ್ಪಟದ ತುದಿ ಒಮ್ಮೆ ಕಡ್ಡಿಗೆ ಸಿಕ್ಕರೆ ಚಕ್ರ ಒಂದೆರಡು ಸುತ್ತು ತಿರುಗುವಷ್ಟರಲ್ಲಿ ಕುತ್ತಿಗೆಯವರೆಗೆ ಎಳೆದುಕೊಳ್ಳುತ್ತದೆ. ಕೂಗುವುದಕ್ಕೂ ಸಮಯವಿರುವುದಿಲ್ಲ.

ಸೆರಗನ್ನು ಬೆನ್ನ ಹಿಂದಿನಿಂದ ಮುಂದಕ್ಕೆ ತಂದು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ. ನೆರಿಗೆಯನ್ನು ಎರಡು ಮಂಡಿಗಳ ನಡುವೆ ಒತ್ತಿಕೊಳ್ಳಿ. ದುಪ್ಪಟವನ್ನು ಕುತ್ತಿಗೆಗೆ ಸುತ್ತಲೇಬೇಡಿ. ಅಡ್ಡಲಾಗಿ ಹಾಕಿ ಸೊಂಟದ ಬಳಿ ಗಂಟು ಹಾಕಿ, ಇಲ್ಲವೇ ಮಡಚಿ ಬ್ಯಾಗಿಗೆ ಸೇರಿಸಿ. ಮಳೆಗಾಲದಲ್ಲಿ ಉದ್ದನೆಯ ರೇನ್‌ಕೋಟಿಗೂ ಇದೇ ಮಾತು.

ಹಿಂದೆ ಕೂರುವವರಿಗೂ ಹೆಲ್ಮೆಟ್ ಕಡ್ಡಾಯವೆಂದು ಕರ್ನಾಟಕದಲ್ಲಿ ಆದೇಶ ಬಂದದ್ದು 2016ರ ಜನವರಿಯಲ್ಲಿ. ಆದರೂ ಹಿಂದಿನವರ ತಲೆಗೆ ಸಿಗುವುದು ಮನೆಯಲ್ಲಿ ಬಿದ್ದಿದ್ದ ಹಳೆಯ ಟೋಪಿ. ಐಎಸ್ 4151 (ಹೆಲ್ಮೆಟ್‌ಗಳ ಭಾರತೀಯ ಮಾನದಂಡ) ಗುರುತು ಇರುವುದನ್ನು ಅವರ ತಲೆಯ ಅಳತೆಗೇ ಕೊಳ್ಳಿ. ಪಟ್ಟಿ ಬಿಗಿದ ಮೇಲೆ ಹಿಂಬದಿಯ ಅಂಚು ಹಿಡಿದು ಮುಂದಕ್ಕೆ ಎತ್ತಿ ನೋಡಿ. ಕಳಚಿ ಕೈಗೆ ಬಂದರೆ ಬೀಳುವಾಗಲೂ ಹಾಗೆಯೇ ಬರುತ್ತದೆ. ಎತ್ತರದ ತುರುಬಿನ ಮೇಲೆ ಹೆಲ್ಮೆಟ್ ಕೂರುವುದಿಲ್ಲ, ಜಡೆಯನ್ನು ಕುತ್ತಿಗೆಯ ಹತ್ತಿರ ಕಟ್ಟಿಕೊಳ್ಳಬೇಕು.

ಹತ್ತುವ ಕ್ರಮ

ಸವಾರ ಮೊದಲು ಕೂರಲಿ. ಸೈಡ್ ಸ್ಟ್ಯಾಂಡ್ ಮಡಚಿರಲಿ, ಎರಡೂ ಕಾಲು ನೆಲಕ್ಕಿರಲಿ, ಮುಂದಿನ ಬ್ರೇಕ್ ಒತ್ತಿರಲಿ, ಗಾಡಿ ನ್ಯೂಟ್ರಲ್‌ನಲ್ಲಿರಲಿ. ಹಿಂದಿನವರು ಎಡಗಡೆ ನಿಂತು 'ಹತ್ತಲಾ?' ಎಂದು ಕೇಳಬೇಕು, 'ಹ್ಞೂಂ' ಬರುವವರೆಗೆ ಕಾಲೆತ್ತಬಾರದು. ಫುಟ್‌ರೆಸ್ಟ್ ಮೇಲೆ ಪೂರ್ತಿ ಭಾರ ಹಾಕಿ ನಿಂತು ಹತ್ತಿದರೆ ಗಾಡಿ ಎಡಕ್ಕೆ ವಾಲುತ್ತದೆ. ಸವಾರ ಕಾಲಿಟ್ಟ ಜಾಗದಲ್ಲಿ ಮರಳಿದ್ದರೆ ಇಬ್ಬರೂ ಕೆಳಗೆ.

ಎರಡೂ ಕಡೆ ಕಾಲು ಹಾಕಿ ಕೂರುವುದೇ ಕ್ಷೇಮ, ಇದರಲ್ಲಿ ಎರಡು ಮಾತಿಲ್ಲ. ಸೀರೆಯುಟ್ಟವರು ಒಂದೇ ಬದಿಗೆ ಕೂರಲೇಬೇಕಾದರೆ ಸೀಟಿನ ತುದಿಗೆ ಸರಿಯದೆ ಸವಾರನ ಬೆನ್ನಿಗೆ ಹತ್ತಿರ ಕೂರಲಿ. ಬಲಗೈ ಸವಾರನ ಸೊಂಟದ ಸುತ್ತ, ಎಡಗೈ ಹಿಂದಿನ ಹಿಡಿಕೆಗೆ, ಎರಡೂ ಪಾದ ಮೆಟ್ಟಿಲ ಮೇಲೆ. ಎರಡೂ ಕೈಯಲ್ಲಿ ಮಗು, ಮೊಬೈಲು, ತರಕಾರಿ ಚೀಲ ಹಿಡಿದವರಿಗೆ ಆಸರೆಯೇ ಇಲ್ಲದಂತಾಯಿತು. ಭುಜ ಹಿಡಿಯುವುದು ಬೇಡ. ಅಲ್ಲಿ ಎಳೆದರೆ ಹ್ಯಾಂಡಲ್ ತಿರುಗುತ್ತದೆ. ಇನ್ನು ಮಲೆನಾಡು, ಕರಾವಳಿಯಲ್ಲಿ ಹಿಂದೆ ಕೂತು ಕೊಡೆ ಬಿಡಿಸುವ ಅಭ್ಯಾಸ: ಗಾಳಿಗೆ ಕೊಡೆ ಹಿಂದಕ್ಕೆ ಮಗುಚಿದಾಗ ಹಿಡಿದ ಕೈಯೂ ಅದರ ಜತೆ ಹೋಗುತ್ತದೆ, ಕೈಯ ಹಿಂದೆ ಮೈ.

ಹಂಪ್‌ಗಳ ನಾಡಿನಲ್ಲಿ

ಪತ್ರಿಕೆಗಳಲ್ಲಿ 'ಅವೈಜ್ಞಾನಿಕ ಹಂಪ್' ಎಂದು ಓದಿ ಓದಿ ಸಾಕಾಗಿದೆ, ಹಂಪ್‌ಗಳು ಮಾತ್ರ ಅಲ್ಲೇ ಇವೆ. ಸವಾರ ಎರಡು ಚಕ್ರಗಳ ನಡುವೆ ಕೂತಿರುತ್ತಾನೆ, ಅವನಿಗೆ ಕುಲುಕಾಟ ಕಡಿಮೆ. ಹಿಂದಿನವರು ಹೆಚ್ಚುಕಡಿಮೆ ಹಿಂದಿನ ಚಕ್ರದ ನೆತ್ತಿಯ ಮೇಲೇ ಇರುತ್ತಾರೆ, ಆ ಚಕ್ರ ಎಷ್ಟು ಎಗರುತ್ತದೋ ಅಷ್ಟೂ ಅವರಿಗೆ ತಟ್ಟುತ್ತದೆ. ಮುಂದಿನ ಚಕ್ರ ಇಳಿಯಿತೆಂದು ಸವಾರ ಆಕ್ಸಿಲರೇಟರ್ ತಿರುಗಿಸುವುದು, ಹಿಂದಿನ ಚಕ್ರ ಎಗರುವುದು ಎರಡೂ ಒಂದೇ ಗಳಿಗೆಯಲ್ಲಿ ಆಗುತ್ತದೆ. ಗಾಡಿ ಮುಂದೆ ಹೋಗುತ್ತದೆ, ಹಿಂದಿನವರು ರಸ್ತೆಯಲ್ಲಿ ಉಳಿಯುತ್ತಾರೆ.

ಆದ್ದರಿಂದ ಹಂಪ್‌ಗೆ ಮೊದಲೇ ನಿಧಾನಿಸಿ ಎರಡನೇ ಅಥವಾ ಒಂದನೇ ಗೇರಿಗೆ ಬನ್ನಿ, 'ಹಂಪ್' ಎಂದು ಬಾಯಿಬಿಟ್ಟು ಹೇಳಿ, ಚಕ್ರ ಹತ್ತುವ ಹೊತ್ತಿಗೆ ಬ್ರೇಕ್ ಬಿಟ್ಟಿರಿ. ಓರೆಯಾಗಿ ಹೋಗಬೇಡಿ. ಹಿಂದಿನ ಚಕ್ರವೂ ಇಳಿದ ಮೇಲಷ್ಟೇ ವೇಗ.

ಬ್ರೇಕ್ ವಿಷಯದಲ್ಲೂ ಮುನ್ಸೂಚನೆಯೇ ಮುಖ್ಯ. ತಟ್ಟನೆ ಹಿಡಿದರೆ ಹಿಂದಿನವರ ಹೆಲ್ಮೆಟ್ ನಿಮ್ಮದಕ್ಕೆ ಬಡಿಯುತ್ತದೆ, ಅವರ ಮೈ ನಿಮ್ಮನ್ನು ಟ್ಯಾಂಕಿನತ್ತ ನೂಕುತ್ತದೆ, ನಿಮ್ಮ ತೋಳು ಬಿಗಿಯುತ್ತದೆ. ಎರಡೂ ಬ್ರೇಕನ್ನು ಹಗುರಾಗಿ ಶುರುಮಾಡಿ ಬಿಗಿಮಾಡುತ್ತ ಹೋಗಿ. ಹಿಂದೆ ಭಾರವಿರುವುದರಿಂದ ಹಿಂದಿನ ಬ್ರೇಕ್ ಒಬ್ಬರೇ ಇದ್ದಾಗಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ, ಆದರೂ ಹೆಚ್ಚಿನ ಕೆಲಸ ಮುಂದಿನದ್ದೇ. ಮುಂದಿನ ವಾಹನಕ್ಕೆ ಮೂರು ಸೆಕೆಂಡಿನ ಅಂತರವಿರಲಿ: 40 ಕಿ.ಮೀ. ವೇಗದಲ್ಲಿ ಅದು ಸುಮಾರು 33 ಮೀಟರ್, 60ರಲ್ಲಿ 50. ಬೆಂಗಳೂರಿನ ಸಿಲ್ಕ್ ಬೋರ್ಡ್‌ನಲ್ಲಿ 33 ಮೀಟರ್ ಬಿಟ್ಟರೆ ನಾಲ್ಕು ಆಟೊ ನುಗ್ಗುತ್ತವೆ, ನಿಜ. ಅಲ್ಲಿ ವೇಗವೂ 40 ಇರುವುದಿಲ್ಲ ಬಿಡಿ.

ತಿರುವಿನಲ್ಲಿ ಹಿಂದಿನವರು ಮಾಡಬೇಕಾದದ್ದು ಒಂದೇ: ಗಾಡಿ ತಿರುಗುವ ಕಡೆಯ ಸವಾರನ ಭುಜದ ಮೇಲಿಂದ ಮುಂದೆ ನೋಡುವುದು. ಮೈ ತಾನಾಗಿ ಹೊಂದಿಕೊಳ್ಳುತ್ತದೆ. ಹೆದರಿ ಎದುರು ಬದಿಗೆ ವಾಲಿದರೆ ಗಾಡಿ ನೆಟ್ಟಗಾಗಿ ಹೊರಗೆ ಹೋಗುತ್ತದೆ. ಆಗುಂಬೆಯಂಥ ಘಾಟಿಯ 14 ಹಿಮ್ಮುರಿ ತಿರುವುಗಳನ್ನು ಇಳಿಯುವಾಗ ಎರಡನೇ ಗೇರಿನಲ್ಲೇ ಇರಿ. ಬ್ರೇಕ್ ಒತ್ತಿಕೊಂಡೇ ಇಳಿದರೆ ಡ್ರಮ್ ಕಾದು ಹಿಡಿತ ಸಡಿಲವಾಗುತ್ತದೆ. ಹತ್ತುವಾಗ ಮುಂದಿನ ಚಕ್ರ ಹಗುರಾಗಿರುತ್ತದೆ, ಕ್ಲಚ್ ಮೆಲ್ಲಗೆ ಬಿಡಿ.

ಮಕ್ಕಳ ಮಾತು ಚಿಕ್ಕದು, ಕಟ್ಟುನಿಟ್ಟಿನದು. ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಗುವಿಗೆ ಸವಾರನಿಗೆ ಕಟ್ಟುವ ಸುರಕ್ಷಾ ಪಟ್ಟಿ, ಅಳತೆಯ ಹೆಲ್ಮೆಟ್, ಗಂಟೆಗೆ 40 ಕಿ.ಮೀ. ಮೀರದ ವೇಗ. ಈ ನಿಯಮ 2023ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಟ್ಯಾಂಕ್ ಮೇಲೆ ಕೂರಿಸಿದ ಮಗು ಬ್ರೇಕ್ ಹಾಕಿದಾಗ ಹ್ಯಾಂಡಲ್‌ಗೆ ಬಡಿಯುತ್ತದೆ, ಹಿಂದಿನಿಂದ ನಿಮ್ಮ ಮೈಯ ಭಾರವೂ ಅದರ ಮೇಲೆ.

ಇಳಿಯುವಾಗ

ಸಿಗ್ನಲ್‌ನಲ್ಲಿ ಹಿಂದಿನವರು ಕಾಲು ನೆಲಕ್ಕಿಡಬಾರದು. ಸವಾರ ಹೊರಟಾಗ ಪಾದ ಹಿಂದೆಯೇ ಉಳಿಯುತ್ತದೆ. ಊರು ಬಂದಾಗಲೂ ಗಾಡಿ ಪೂರ್ತಿ ನಿಂತು, ಸವಾರ ಬ್ರೇಕ್ ಹಿಡಿದು 'ಇಳಿ' ಎಂದ ಮೇಲೆ ಎಡಗಡೆಗೆ ಇಳಿಯಿರಿ. ಬಹಳಷ್ಟು ಬೈಕುಗಳ ಸೈಲೆನ್ಸರ್ ಇರುವುದು ಬಲಕ್ಕೆ, ಇಪ್ಪತ್ತು ಕಿ.ಮೀ. ಓಡಿ ಬಂದ ಮೇಲೆ ಅದಕ್ಕೆ ಮೀನಖಂಡ ತಗುಲಿದರೆ ಚರ್ಮ ಅಂಟುತ್ತದೆ. ಹಿಂದಿನವರು ಇನ್ನೂ ಕೂತಿರುವಾಗ ಸವಾರ ಸೈಡ್ ಸ್ಟ್ಯಾಂಡ್ ಹಾಕಿ ಇಳಿಯುವುದೂ ಬೇಡ: ಮಳೆಗೆ ನೆನೆದ ಮಣ್ಣಿನಲ್ಲಿ ಸ್ಟ್ಯಾಂಡ್ ಹೂತು, ಗಾಡಿ ಅವರನ್ನೂ ಕರೆದುಕೊಂಡು ಮಗುಚುತ್ತದೆ.