ಟೀಗೆ ಜೇನು: ನಾನು ಬೆರೆಸುವ ಬಗೆ

ನಮ್ಮ ಮನೆಯಲ್ಲಿ ಹಾಲಿನ ಟೀಗೆ ಸಕ್ಕರೆಯೇ. ಅಸ್ಸಾಮಿನ ಸಿಟಿಸಿ ಪುಡಿ (ಎಲೆಯನ್ನು ಜಜ್ಜಿ ಸಣ್ಣ ಕಾಳಿನಂತೆ ಮಾಡಿದ ಟೀ), ಶುಂಠಿ, ಏಲಕ್ಕಿ ಹಾಕಿ ಕುದಿಸಿದ ಖಡಕ್ ಚಹಾದಲ್ಲಿ ಜೇನಿನ ಪರಿಮಳ ಎಲ್ಲಿ ಹೋಯಿತು ಅಂತಲೇ ಗೊತ್ತಾಗುವುದಿಲ್ಲ. ಒಳ್ಳೆ ಜೇನನ್ನು ಸುಮ್ನೆ ಯಾಕೆ ಹಾಳು ಮಾಡಬೇಕು, ಅಲ್ವಾ? ನಾನು ಜೇನಿನ ಬಾಟಲಿ ತೆಗೆಯುವುದು ಹಾಲಿಲ್ಲದ ಟೀ ಮಾಡುವಾಗ ಮಾತ್ರ.

ನನಗೆ ತುಂಬಾ ಹಿಡಿಸಿದ್ದು ನೀಲಗಿರಿ ಬೆಟ್ಟಗಳಲ್ಲಿ ಬೆಳೆಯುವ ಎಲೆ ಟೀ. ಒಂದು ದೊಡ್ಡ ಲೋಟಕ್ಕೆ ಒಂದು ಚಮಚ ಎಲೆ ಸಾಕು. ನೀರು ಚೆನ್ನಾಗಿ ಕುದಿ ಬಂದ ಮೇಲೆ ಒಲೆ ಆರಿಸಿ, ಎಲೆ ಹಾಕಿ, 3 ನಿಮಿಷ ಮುಚ್ಚಿಡುತ್ತೇನೆ. ಅದಕ್ಕಿಂತ ಜಾಸ್ತಿ ಬಿಟ್ಟರೆ ಒಗರು ಏರುತ್ತದೆ. ಆ ಒಗರು ಮುಚ್ಚಲು ಜೇನೂ ಜಾಸ್ತಿ ಸುರಿಯಬೇಕಾಗುತ್ತದೆ.

ಸೋಸಿದ ತಕ್ಷಣ ಜೇನು ಹಾಕುವುದಿಲ್ಲ. ಲೋಟ ಬರಿಗೈಯಲ್ಲಿ ಆರಾಮಾಗಿ ಹಿಡಿಯುವಷ್ಟು ಆರಬೇಕು. ಸುಡು ಬಿಸಿಯಲ್ಲಿ ಜೇನಿನ ಘಮ ಹಾರಿಹೋಗುತ್ತದೆ. ಜೊತೆಗೆ ಜೇನಿನಲ್ಲಿರುವ ಫ್ರಕ್ಟೋಸ್ ಎಂಬ ಸಕ್ಕರೆ ಬಿಸಿಯಿದ್ದಾಗ ಅಷ್ಟು ಸಿಹಿ ಅನ್ನಿಸುವುದಿಲ್ಲ, ಆರುತ್ತಾ ಹೋದಂತೆ ಸಿಹಿ ಏರುತ್ತದೆ. ಹಾಗಾಗಿ ಅರ್ಧ ಚಮಚದಿಂದಲೇ ಶುರು ಮಾಡುತ್ತೇನೆ. ಚಮಚ ಓರೆ ಮಾಡಿದರೆ ಜೇನು ಎಳೆಯಾಗಿ ಇಳಿದು ನೇರ ತಳಕ್ಕೆ ಹೋಗಿ ಕೂರುತ್ತದೆ. ಅದನ್ನು ಪೂರ್ತಿ ಕದಡುವುದಿಲ್ಲ, ಒಂದೆರಡು ಸುತ್ತು ಅಷ್ಟೇ. ಮೊದಲ ಗುಟುಕಿನಲ್ಲಿ ಟೀ ಮುಂದೆ, ಕೊನೆಯ ಗುಟುಕಿನಲ್ಲಿ ಜೇನು ಮುಂದೆ. ನನಗೆ ಹಾಗೆಯೇ ಇಷ್ಟ.

ಜೇನು ಯಾವುದು ಅನ್ನುವುದೂ ಮುಖ್ಯ. ಶಿರಸಿ ಕಡೆ ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಹುಳುಗಳ ಜೇನು ಸ್ವಲ್ಪ ತೆಳು, ನೀಲಗಿರಿ ಟೀಗೆ ಚೆನ್ನಾಗಿ ಹೊಂದುತ್ತದೆ. ನೇರಳೆ ಹೂವಿನ ಜೇನಿಗೆ ಒಂಚೂರು ಕಹಿ ಇರುತ್ತದೆ, ಅದನ್ನು ಶುಂಠಿ ಜಜ್ಜಿ ಹಾಕಿದ ಕಪ್ಪು ಟೀಗೆ ಬಳಸುತ್ತೇನೆ. ಗ್ರೀನ್ ಟೀಗೆ ನೀರು ಸುಮಾರು 80 ಡಿಗ್ರಿ ಸಾಕು, ಕುದಿಯುವ ನೀರು ಸುರಿದರೆ ಕಹಿ ಬಿಡುತ್ತದೆ. ಡಾರ್ಜಿಲಿಂಗ್‌ನ ಮೊದಲ ಕೊಯ್ಲಿನ ಟೀ ಸಿಕ್ಕಿದರೆ ಮಾತ್ರ ಏನೂ ಬೆರೆಸದೆ ಕುಡಿಯಿರಿ. ಅದರ ಹೂವಿನಂಥ ಪರಿಮಳದ ಮೇಲೆ ಜೇನು ಸುರಿಯಲು ನನಗಂತೂ ಮನಸ್ಸು ಬರುವುದಿಲ್ಲ.

ಬಾಟಲಿಯಲ್ಲಿ ಜೇನು ಹರಳುಗಟ್ಟಿದರೆ ಕಲಬೆರಕೆ ಅಂತ ಎಸೆಯಬೇಡಿ. ಅದರಲ್ಲಿರುವ ಗ್ಲೂಕೋಸ್ ಹಾಗೆ ಗಟ್ಟಿಯಾಗುತ್ತದೆ. ಬಾಟಲಿಯನ್ನು ಬೆಚ್ಚನೆ ನೀರಿನಲ್ಲಿಟ್ಟರೆ ಕರಗುತ್ತದೆ. ಒಂದು ವರ್ಷ ತುಂಬದ ಮಕ್ಕಳಿಗೆ ಮಾತ್ರ ಜೇನು ನೆಕ್ಕಿಸಲೂಬಾರದು.

ಬೇಸಿಗೆಯಲ್ಲಿ ಇದೇ ನೀಲಗಿರಿ ಟೀಯನ್ನು ತಣ್ಣಗೆ ಕುಡಿಯುತ್ತೇವೆ. ಫ್ರಿಜ್ಜಿನಲ್ಲಿಟ್ಟರೂ ಅದು ಸುಲಭಕ್ಕೆ ಮಬ್ಬಾಗುವುದಿಲ್ಲ. ತಣ್ಣಗಾದ ಮೇಲೆ ಜೇನು ಬೇಗ ಕರಗದು, ಅದಕ್ಕೇ ಉಗುರು ಬೆಚ್ಚಗಿರುವಾಗಲೇ ಬೆರೆಸಿಡುತ್ತೇನೆ. ಕುಡಿಯುವಾಗ ನಿಂಬೆರಸ ಹಿಂಡಿದರೆ ಸಾಕು.