ಕಲಂ ನಂಬರ್ ಬಿಟ್ಟು ಕಲಂನ ಮಾತು ಹಿಡಿದೆ: ನನ್ನ ಅನುಭವ

ಕಲಂ ನಂಬರ್ ಹಾಕಿ ತೀರ್ಪು ಹುಡುಕುವುದನ್ನು ಬಿಟ್ಟು ಎರಡು ವರ್ಷದ ಮೇಲಾಯಿತು. "ಹೆಡ್‌ನೋಟ್ ನೋಡಯ್ಯ, ಸುಮ್ನೆ ಯಾಕೆ ಒದ್ದಾಡ್ತೀಯ" ಎಂದು ತೀರ್ಪಿನ ತಲೆಯಲ್ಲಿರುವ ಸಾರಾಂಶ ತೋರಿಸುತ್ತಿದ್ದ ನಮ್ಮ ಸೀನಿಯರ್ ವಕೀಲರಿಗೂ ಈಗ ಸಿಟೇಷನ್ (ವಾದಕ್ಕೆ ಆಧಾರವಾಗುವ ತೀರ್ಪು) ತೆಗೆದುಕೊಡುವುದು ನಾನೇ.

ಪೆಟ್ಟು ತಿಂದದ್ದು ಒಂದು ಸಿಸಿಟಿವಿ ಸಿಡಿ ಕೇಸಿನಲ್ಲಿ. 65ಬಿ ಸರ್ಟಿಫಿಕೇಟ್, ಅಂದರೆ ಹಳೆಯ ಸಾಕ್ಷ್ಯ ಕಾಯ್ದೆಯಲ್ಲಿ ಎಲೆಕ್ಟ್ರಾನಿಕ್ ಸಾಕ್ಷ್ಯಕ್ಕೆ ಬೇಕಿದ್ದ ದೃಢೀಕರಣ ಪತ್ರ, ಇರಲಿಲ್ಲ. ಕಲಂ ನಂಬರ್ ಹಾಕಿ ಹುಡುಕಿದಾಗ ಸುಪ್ರೀಂ ಕೋರ್ಟಿನ 2018ರ ಶಫಿ ಮೊಹಮ್ಮದ್ ಕೇಸ್ ಸಿಕ್ಕಿತು. ಯಂತ್ರ ನಮ್ಮ ಕೈಯಲ್ಲಿ ಇಲ್ಲದಿದ್ದರೆ ಸರ್ಟಿಫಿಕೇಟ್ ಕಡ್ಡಾಯವಲ್ಲ ಎನ್ನುವ ತೀರ್ಪು. ಖುಷಿಯಿಂದ ಪ್ರಿಂಟ್ ಕೊಟ್ಟೆ. ಎದುರು ವಕೀಲರು ಅದೇ ಕೋರ್ಟಿನ 2020ರ ಅರ್ಜುನ್ ಪಂಡಿತರಾವ್ ಖೋಟ್ಕರ್ ತೀರ್ಪು ತೆಗೆದರು. ಅದರಲ್ಲಿ ಮೂವರ ಪೀಠ ಶಫಿ ತೀರ್ಪನ್ನು ಓವರ್‌ರೂಲ್ ಮಾಡಿತ್ತು, ಅಂದರೆ ತಪ್ಪೆಂದು ತಳ್ಳಿಹಾಕಿತ್ತು. ಹೊಟ್ಟೆ ಉರಿದದ್ದು ಆಮೇಲೆ. ಅದೇ ತೀರ್ಪಿನಲ್ಲಿ ನಮಗೂ ದಾರಿ ಇತ್ತು: ಯಂತ್ರದವರು ಸರ್ಟಿಫಿಕೇಟ್ ಕೊಡದಿದ್ದರೆ, ಕೊಡಿಸಿ ಎಂದು ಕೋರ್ಟಿಗೇ ಅರ್ಜಿ ಹಾಕಬಹುದು.

ದುಡ್ಡು ಕೊಟ್ಟರೆ ಸರಿಹೋದೀತು ಎಂದು ತೀರ್ಪುಗಳ ಒಂದು ಡೇಟಾಬೇಸಿಗೆ ಸುಮಾರು 20 ಸಾವಿರ ಕಟ್ಟಿದೆ. ತೀರ್ಪುಗಳ ಸಾರ ಕೊಡುವ ಡೈಜೆಸ್ಟ್‌ ಪುಸ್ತಕಗಳಿಗೆ ಇನ್ನೊಂದು 7-8 ಸಾವಿರ. ನಂಬರ್ ಹಾಕಿದರೆ ಅಲ್ಲೂ ಸಾವಿರಗಟ್ಟಲೆ ತೀರ್ಪು. ಬಹುಪಾಲು ಕಲಂ ಹೆಸರು ಹೇಳಿ ಮುಂದೆ ಹೋದವು.

ಕೊನೆಗೆ ಕೆಲಸ ಮಾಡಿದ್ದು ತೀರ್ಪು ಹುಡುಕುವ ಉಚಿತ ಜಾಲತಾಣ ಇಂಡಿಯನ್ ಕಾನೂನ್. 65ಬಿ(4)ರ "ರೆಸ್ಪಾನ್ಸಿಬಲ್ ಅಫಿಷಿಯಲ್ ಪೊಸಿಷನ್" ಎಂಬ ಮೂರು ಪದವನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿದೆ. ಅರ್ಥ ಬಿಡಿಸಲು ಕೂತ ನ್ಯಾಯಮೂರ್ತಿಗಳು ಕಲಂನ ಸಾಲನ್ನೇ ಎತ್ತಿ ಬರೆದಿರುತ್ತಾರೆ, ಅಲ್ವಾ? ಹೊಸದು ಮೇಲೆ ಬರುವಂತೆ ಜೋಡಿಸಿ ಮೊದಲ ನಾಲ್ಕೈದನ್ನು ಪೂರ್ತಿ ಓದುತ್ತೇನೆ. ಅವು ಎಲ್ಲ ಸೇರಿ ಯಾವ ಹಳೆಯ ತೀರ್ಪಿಗೆ ಕೈ ತೋರಿಸುತ್ತವೋ ಅದನ್ನು ತೆರೆದು, ಅದನ್ನು ಉಲ್ಲೇಖಿಸಿದ ತೀರ್ಪುಗಳ ಪಟ್ಟಿಗೆ ಹೋಗುತ್ತೇನೆ. ಪೀಠದಲ್ಲಿ ಎಷ್ಟು ಜನ ಎಂದು ಪ್ರತಿಸಲ ಎಣಿಸುತ್ತೇನೆ. ಕೋರ್ಟಿಗೆ ಕೊಡುವ ಪ್ರತಿ ಮಾತ್ರ ಸುಪ್ರೀಂ ಕೋರ್ಟಿನದೇ ತೀರ್ಪು ಸಂಗ್ರಹವಾದ ಇ-ಎಸ್‌ಸಿಆರ್‌ನಿಂದ. ಪಟ್ಟಿ ಸೋಸಲು ಇನ್ನೆರಡು ಪದ ಸೇರಿಸುತ್ತೇನೆ, ಅವು ಯಾವುವು ಎಂದು ಇಲ್ಲಿ ಹೇಳುವುದಿಲ್ಲ.

ಹೊಸ ಕಾನೂನು ಬಂದ ಮೇಲೆ ಸುಮ್ನೆ ಒಮ್ಮೆ 482 ಎಂದು ಹಾಕಿ ನೋಡಿದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಾದ ಸಿಆರ್‌ಪಿಸಿಯಲ್ಲಿ ಅದು ಕೇಸ್ ರದ್ದು ಮಾಡಿಸುವ ಕಲಂ, ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್‌ನಲ್ಲಿ ನಿರೀಕ್ಷಣಾ ಜಾಮೀನು. ಎರಡೂ ಕಲಸಿ ಬಂದವು. ನಂಬರ್ ನೆಚ್ಚಿದವರಿಗೆ ಈಗ ಕಷ್ಟ ಜಾಸ್ತಿ.

ಪದ ನೆಚ್ಚಿದರೂ ಎಚ್ಚರ ಬೇಕು. 65ಬಿ(4)ರ ಜಾಗಕ್ಕೆ ಬಂದ, ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದ 63(4)ರಲ್ಲಿ ಆ ಮೂರು ಪದ ಇಲ್ಲ, ಎಕ್ಸ್‌ಪರ್ಟ್ ಸಹಿಯೂ ಬೇಕು. ಹಾಗಾಗಿ ಹಳೆಯ ಮಾತಲ್ಲಿ ಒಮ್ಮೆ, ಹೊಸ ಮಾತಲ್ಲಿ ಒಮ್ಮೆ ಹುಡುಕುತ್ತೇನೆ. ಎರಡು ಸಂಜೆ ತಿನ್ನುತ್ತಿದ್ದ ಕೆಲಸ ಈಗ ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ.